ಆಟ

ಎರಡನೆಯ ಆಟ ಬಿಟ್ಟ ಮೇಲೆ ಮಾಗಡಿಯಿಂದಲೋ ಕನಕಪುರದಿಂದಲೋ ಕತ್ತಲೆಯಲ್ಲಿ ಹಳ್ಳಿಯ ದಾರಿ ಹಿಡಿಯುತ್ತಿದ್ದ ಹಿರಿಯರ ಬಾಯಲ್ಲಿ, ಟೆಂಟಿನ ತೆರೆಯ ಮೇಲೆ ಕಂಡ ಚಲಚ್ಚಿತ್ರಕ್ಕೂ, ಬಯಲಿನಲ್ಲಿ ಬೆಳಗಾಗುವವರೆಗೆ ನಡೆಯುವ ಮೂಡಲಪಾಯಕ್ಕೂ, ದೀಪದ ಮುಂದೆ ಕುಣಿಯುವ ತೊಗಲುಗೊಂಬೆಗಳ ನೆರಳಿಗೂ ಇದ್ದ ಹೆಸರು ಒಂದೇ, ಆಟ.

ಈ ಶಬ್ದವನ್ನು ನಾವೀಗ ಹಗುರವಾಗಿ ನುಡಿಯುತ್ತೇವೆ. ಮಕ್ಕಳದು ಆಟ, ದೊಡ್ಡವರದು ಕೆಲಸ ಎಂಬ ವಿಭಾಗ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಆದರೆ 'ಆಡು' ಎಂಬ ಧಾತು ಅಷ್ಟು ಸಣ್ಣದಲ್ಲ. ಮಾತಾಡುವುದೂ ಓಡಾಟವೂ ಅದರಿಂದಲೇ, ಹುಡುಕಾಟ, ನರಳಾಟ, ಹೋರಾಟಗಳೂ ಅದರಿಂದಲೇ. ಅಷ್ಟೇಕೆ, ಜೀವವಿರುವುದಕ್ಕೆ ಗುರುತಾದ ಕ್ರಿಯೆಗೆ ಕನ್ನಡಿಗನಿಟ್ಟ ಹೆಸರೇ ಉಸಿರಾಟ.

ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರದ ಬಿಸಿಗೇ ಅರಗು ಕರಗಿ ಬಣ್ಣವೇರುವಂತೆ ಒತ್ತಿಹಿಡಿದಿರುವಾಗ ಆತನ ಮುಖದಲ್ಲಿರುವ ಏಕಾಗ್ರತೆಯನ್ನು ಕಂಡವರಾರೂ ಆಟಿಕೆಯನ್ನು ಕ್ಷುಲ್ಲಕವೆನ್ನಲಾರರು. ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡಿದುದೂ 'ಕ್ರೀಡನೀಯಕ'ವನ್ನೇ, ಎಂದರೆ ಕಣ್ಣಿಗೂ ಕಿವಿಗೂ ಒದಗುವ ಒಂದು ಆಟಿಕೆಯನ್ನೇ; ಆತನು ನಾಲ್ಕು ವೇದಗಳಿಂದ ಸಾರವನ್ನೆತ್ತಿ ಅನುಗ್ರಹಿಸಿದುದಾದರೋ ಐದನೆಯ ವೇದವನ್ನು.

ತೆರೆಯ ಮೇಲಿನ ಆಟಕ್ಕೆ ಮರಳುವುದಾದರೆ, 1975ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕೃತವಾದ 'ಶೋಲೆ' ದೇಶವನ್ನೆಲ್ಲ ಆವರಿಸಿತು. ರಾಮದೇವರ ಬೆಟ್ಟಕ್ಕೆ ಶೋಲೆ ಬೆಟ್ಟವೆಂಬ ಇನ್ನೊಂದು ಹೆಸರೇ ಅಂಟಿತು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು ರೂಪಿಸಿದ 'ಚೋಮನ ದುಡಿ'ಯೂ ಅದೇ ವರ್ಷದ ಚಿತ್ರ. ಅದಕ್ಕೆ ಸ್ವರ್ಣಕಮಲ ಸಂದಿತು, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಸಂದಿತು, ಜೊತೆಗೆ 'ಅವಾರ್ಡ್ ಸಿನಿಮಾ' ಎಂಬ ಬಿರುದೂ ಸಂದಿತು. ಈ ಕೊನೆಯದು ನನ್ನನ್ನು ಬಹುಕಾಲದಿಂದ ನೋಯಿಸಿದೆ. ಹೊಗಳಿಕೆಯಂತೆ ಕೇಳಿಸುವ ಆ ಮಾತು ಬಾಗಿಲನ್ನು ಮುಚ್ಚುತ್ತದೆ: ಅದು ನಮಗಲ್ಲ, ತೀರ್ಪುಗಾರರಿಗೆ, ಎನ್ನುತ್ತದೆ. 'ಕಲಾತ್ಮಕ ಚಿತ್ರ'ವೆಂಬ ಗೌರವದ ಹೆಸರಿಗೂ ಆ ದೂರ ತಪ್ಪಿದ್ದಲ್ಲ. ಬಯಲಾಟದೆದುರು ಕಂಬಳಿ ಹೊದ್ದು, ನಿದ್ದೆಗೆಟ್ಟು, ಪದದ ಅರ್ಥಕ್ಕೂ ಹೆಜ್ಜೆಯ ಲಯಕ್ಕೂ ಕಿವಿಗೊಟ್ಟು ಕುಳಿತವನು ಕಾಲಹರಣಕ್ಕಾಗಿ ಕುಳಿತವನಲ್ಲ. ಆ ಪ್ರೇಕ್ಷಕನಿಗೆ ಈ ಚಿತ್ರವನ್ನು 'ಆಟ'ವೆಂದೇ ಕರೆದು ತೋರಿಸಿದ್ದರೆ ಅವನು ಅದನ್ನು ತನ್ನದೆಂದೇ ಬಗೆಯುತ್ತಿದ್ದನೆಂದು ನಾನು ದೃಢವಾಗಿ ನಂಬಿದ್ದೇನೆ.

ಎತ್ತುಗಳಿದ್ದೂ ಹುಟ್ಟಿದ ಜಾತಿಯ ಕಾರಣದಿಂದ ಉಳಲು ನೆಲ ದೊರೆಯದ ಚೋಮನಿಗೆ ತನ್ನ ಕೋಪವನ್ನೂ ಆಸೆಯನ್ನೂ ಇಳಿಸಲು ಉಳಿದುದು ಒಂದು ದುಡಿ ಮಾತ್ರ. ಕಡೆಗೆ ಅವನು ಗುಡಿಸಲಿನ ಕದವಿಕ್ಕಿಕೊಂಡು ಅದನ್ನು ಬಾರಿಸುತ್ತಾನೆ. ಸದ್ದು ನಿಂತಾಗ ಅವನ ಉಸಿರಾಟವೂ ನಿಂತಿರುತ್ತದೆ. ನಾನು ಕಂಡ ದಿನ, ದೀಪ ಹತ್ತಿದ ಮೇಲೂ ನಮ್ಮ ಸಾಲಿನಲ್ಲಿ ಬಹಳ ಹೊತ್ತು ಯಾರೂ ಏಳಲಿಲ್ಲ.