ಗಿಡಗಳ ಸಮುದ್ರಯಾನ

ಪರದೇಶಕ್ಕೆ ಹೊರಟ ಸಂಸಾರದಲ್ಲಿ ಪಾತ್ರೆಪಡಗಗಳಿಗೂ ಪುಸ್ತಕಗಳಿಗೂ ಹೇಗೋ ಒಂದು ವ್ಯವಸ್ಥೆಯಾಗುತ್ತದೆ. ಜಗಲಿಯ ಹೂಕುಂಡಗಳ ಮಾತು ಬಂದಾಗ ಮಾತ್ರ ಮನೆಯವರ ಮುಖ ಬಾಡುತ್ತದೆ. ಹತ್ತು ವರ್ಷ ನೀರೆರೆದು ಬೆಳೆಸಿದ ಗಿಡವನ್ನು ಜೊತೆಗೆ ಒಯ್ಯಬಾರದೇಕೆ? ಇದಕ್ಕೆ ಉತ್ತರ ಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹಾಯಿಹಡಗುಗಳ ಕಾಲದಲ್ಲಿ ಕಡಲು ದಾಟುವುದೆಂದರೆ ಗಿಡಕ್ಕೆ ಮೃತ್ಯುಮುಖವೇ ಸರಿ. ತಿಂಗಳುಗಟ್ಟಲೆ ಪ್ರಯಾಣ, ಮೇಲೆ ಉಪ್ಪುಗಾಳಿ. ಸಿಹಿನೀರು ನಾವಿಕರಿಗೇ ಅಳತೆಯ ಮೇಲೆ ಸಿಕ್ಕುತ್ತಿದ್ದಾಗ ಗಿಡಕ್ಕೆ ಎರೆಯುವವರು ಯಾರು? ಚೀನದಲ್ಲಿದ್ದ ಲಿವಿಂಗ್‌ಸ್ಟನ್ ಎಂಬ ವೈದ್ಯನು 1819ರಲ್ಲಿ ಹಾಕಿದ ಲೆಕ್ಕದಂತೆ, ಅಲ್ಲಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಗಿಡಗಳಲ್ಲಿ ಜೀವಸಹಿತ ದಡ ಸೇರುತ್ತಿದ್ದುದು ಒಂದೇ ಒಂದು.

ಈ ಕಷ್ಟಕ್ಕೆ ಪರಿಹಾರ ಸಿಕ್ಕಿದ್ದು ಆಕಸ್ಮಿಕವಾಗಿ. 1829ರಲ್ಲಿ ಲಂಡನ್ನಿನ ವೈದ್ಯ ನೆಥೇನಿಯಲ್ ವಾರ್ಡನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದನು. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಜರಿಗಿಡವೊಂದು ಮೊಳೆಯಿತು. ಹಗಲು ಆವಿಯಾದ ನೀರು ಗಾಜಿಗೆ ತಗುಲಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದರಿಂದ ಮೇಲೆ ನೀರೆರೆಯುವ ಅಗತ್ಯವೇ ಬೀಳಲಿಲ್ಲ. ಇದೇ ಕ್ರಮದಲ್ಲಿ ಮರದ ಚೌಕಟ್ಟಿಗೆ ಗಾಜು ಕೂರಿಸಿ ಮಾಡಿಸಿದ ಎರಡು ಪೆಟ್ಟಿಗೆಗಳನ್ನು ಅವನು 1833ರಲ್ಲಿ ಸಿಡ್ನಿಗೆ ಕಳುಹಿಸಿದನು. ಗಿಡಗಳು ಹಸುರಾಗಿಯೇ ತಲುಪಿದವು. ಮುಂದೆ, 1848ರಿಂದ 1851ರವರೆಗೆ, ರಾಬರ್ಟ್ ಫಾರ್ಚೂನನು ಚೀನದ ಚಹಾಗಿಡಗಳನ್ನು ನಮ್ಮ ಹಿಮಾಲಯದ ತೋಟಗಳಿಗೆ ಸಾಗಿಸಿದ್ದೂ ವಾರ್ಡನ ಪೆಟ್ಟಿಗೆಗಳಲ್ಲೇ.

ಆದರೆ ಗಿಡ ಉಳಿದರೆ ಅದರ ಬೇರಿನಲ್ಲೂ ಮಣ್ಣಿನಲ್ಲೂ ಅಡಗಿದ ಹುಳುವೂ ಉಳಿಯುತ್ತದೆ. ಉಗಿಹಡಗುಗಳು ಬಂದು ಪ್ರಯಾಣದ ದಿನಗಳು ಕಡಿಮೆಯಾದ ಮೇಲೆ ಈ ಅಪಾಯ ಇನ್ನೂ ಹೆಚ್ಚಿತು. ಅಮೆರಿಕದ ದ್ರಾಕ್ಷಿಬಳ್ಳಿಗಳೊಡನೆ ಬಂದ ಫಿಲೋಕ್ಸೆರ ಎಂಬ ಬಹು ಸಣ್ಣ ಕೀಟವು 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿಬೇರುಗಳ ರಸ ಹೀರಿ, ತಲೆಮಾರುಗಳಿಂದ ಬಂದ ತೋಟಗಳನ್ನು ಒಣಗಿಸಿತು. ಬಳ್ಳಿಯನ್ನು ತರಿಸಿಕೊಂಡವರು ಕೇಡೆಣಿಸಿದವರಲ್ಲ; ಫಲವನ್ನು ಮಾತ್ರ ಊರೆಲ್ಲ ಉಂಡಿತು. ಕಡೆಗೆ 1878ರಲ್ಲಿ ಯೂರೋಪಿನ ಹಲವು ರಾಜ್ಯಗಳು ಬರ್ನ್ ನಗರದಲ್ಲಿ ಕೂಡಿ ಬಳ್ಳಿಗಳ ಸಾಗಾಟಕ್ಕೆ ಕಟ್ಟುಪಾಡು ಮಾಡಿಕೊಂಡವು. ನಮ್ಮ ದೇಶದಲ್ಲಿ ಈ ಬಗೆಯ ಕಾಯಿದೆ 1914ರಲ್ಲಿ ಬಂತು. ಸಸ್ಯರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವು 1951ರಲ್ಲಿ ರೋಮಿನಲ್ಲಿ ಆಯಿತು.

ಇಂದು ವಿಮಾನದಲ್ಲಿ ಗಿಡ ಒಂದೇ ದಿನದಲ್ಲಿ ಬದುಕಿ ತಲುಪೀತು. ಕಾಯಿದೆ ಬಿಗಿಯಾಗಿರುವುದೂ ಅದಕ್ಕಾಗಿಯೇ. ಮಣ್ಣು ತುಂಬಿದ ಕುಂಡವನ್ನು ಬಹುತೇಕ ದೇಶಗಳು ಒಳಗೆ ಬಿಡುವುದಿಲ್ಲ. ಬರಿಯ ಬೇರಿನ ಗಿಡಕ್ಕೂ ಸಾಮಾನ್ಯವಾಗಿ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಬಚ್ಚಿಟ್ಟು ಒಯ್ಯುವವರು ಕಂಡರಿಯದ ರೈತನೊಬ್ಬನ ಹೊಲವನ್ನು ಪಣಕ್ಕಿಟ್ಟಂತೆಯೇ.

ಹಾಗಾದರೆ ದಾರಿ ಯಾವುದು? ಕಾಳಿದಾಸನ ಶಕುಂತಲೆ ಆಶ್ರಮವನ್ನು ಬಿಟ್ಟು ಹೊರಡುವಾಗ ತನ್ನ ಮೆಚ್ಚಿನ ಬಳ್ಳಿ ವನಜ್ಯೋತ್ಸ್ನೆಯನ್ನು ಕಿತ್ತು ಒಯ್ಯಲಿಲ್ಲ. ಅಪ್ಪಿಕೊಂಡು ಬೀಳ್ಕೊಂಡು, ಗೆಳತಿಯರ ಕೈಗೆ ಒಪ್ಪಿಸಿದಳು. ನಾವೂ ಹೊರಡುವ ಮುನ್ನಾದಿನ ಗಡಿಬಿಡಿಯಲ್ಲಿ ಹಂಚದೆ, ಒಂದು ತಿಂಗಳು ಮೊದಲೇ ಕುಂಡಗಳನ್ನು ನೆರೆಮನೆಗೆ ಕೊಡೋಣ. ಯಾವುದಕ್ಕೆ ಬಿಸಿಲು ಬೇಕು, ಯಾವುದಕ್ಕೆ ನೀರು ಹೆಚ್ಚಾಗಬಾರದು ಎಂಬುದನ್ನು ಹೇಳಿಕೊಡೋಣ. ನಾವು ಊರಲ್ಲಿರುವಾಗಲೇ ಗಿಡ ಹೊಸ ಮನೆಯಲ್ಲಿ ಚಿಗುರಿದ್ದನ್ನು ಕಂಡು ಹೊರಟರೆ ಮನಸ್ಸಿಗೂ ನೆಮ್ಮದಿ.