ಮನೆಯ ಆರೈಕೆಯಲ್ಲಿ ಸರ್ಕಾರದ ಪಾಲು

ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಆ ಮನೆಯಲ್ಲಿ ಇನ್ನೊಬ್ಬರ ಬದುಕೂ ನಿಂತುಹೋಗುತ್ತದೆ. ಸಾಮಾನ್ಯವಾಗಿ ಅದು ಮಗಳದು, ಸೊಸೆಯದು, ಇಲ್ಲವೇ ತಾನೇ ಮುದುಕಿಯಾದ ಹೆಂಡತಿಯದು. ಹಿರಿಯರಿಗೆ ಪಿಂಚಣಿ ಬಂದು ಬಹಳ ಕಾಲವಾಯಿತು. ಅವರನ್ನು ನೋಡಿಕೊಳ್ಳುವವರು ಸರ್ಕಾರಗಳ ಕಣ್ಣಿಗೆ ಬಿದ್ದದ್ದು ತಡವಾಗಿ.

ಬ್ರಿಟನ್ನಿನಲ್ಲಿ ಇದಕ್ಕೆ ದಾರಿ ತೆರೆದವರು ಮೇರಿ ವೆಬ್‌ಸ್ಟರ್. ಚರ್ಚಿನಲ್ಲಿ ಪಾದ್ರಿಯಾಗಿದ್ದ ಆಕೆ ತಂದೆತಾಯಿಯ ಆರೈಕೆಗಾಗಿ 1954ರಲ್ಲಿ ಕೆಲಸ ಬಿಟ್ಟರು. ಮದುವೆಯಾಗದೆ, ಸಂಬಳವೂ ಇಲ್ಲದೆ ಹೆತ್ತವರ ಸೇವೆಯಲ್ಲೇ ಸವೆಯುತ್ತಿದ್ದ ತನ್ನಂಥ ಹೆಣ್ಣುಮಕ್ಕಳ ಪಾಡನ್ನು 1963ರಲ್ಲಿ ಪತ್ರಿಕೆಗಳಿಗೆ ಬರೆದರು. ಅಂಥವರೇ ಸೇರಿ 1965ರಲ್ಲಿ ಸಂಘ ಕಟ್ಟಿದರು. 1976ರಲ್ಲಿ ಆರೈಕೆ ಮಾಡುವವರ ಕೈಗೇ ಭತ್ಯೆ ಬರತೊಡಗಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ಸಿಗುತ್ತಿರಲಿಲ್ಲ. ಅವರು ಹೇಗಿದ್ದರೂ ಮನೆಯಲ್ಲೇ ಇರುವವರು ಎಂಬುದು ಸರ್ಕಾರದ ವಾದ. ತಾಯಿಗಾಗಿ ಕೆಲಸ ಬಿಟ್ಟಿದ್ದ ಜಾಕ್ವೆಲಿನ್ ಡ್ರೇಕ್ ಈ ಅನ್ಯಾಯವನ್ನು ಯುರೋಪಿನ ನ್ಯಾಯಾಲಯದವರೆಗೂ ಒಯ್ದು 1986ರ ಜೂನ್‌ನಲ್ಲಿ ಗೆದ್ದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ಗೆಲುವು. ಮನೆಯಲ್ಲಿ ಮಾಡುವ ಆರೈಕೆಯೂ ದುಡಿಮೆಯೇ ಎಂಬುದನ್ನು ಅದು ಎತ್ತಿ ಹಿಡಿಯಿತು. ಆ ಭತ್ಯೆಯ ಷರತ್ತುಗಳು ಮಾತ್ರ ಇಂದಿಗೂ ಕಠಿಣ: ವಾರಕ್ಕೆ 35 ಗಂಟೆಯಾದರೂ ಆರೈಕೆ ಮಾಡಬೇಕು; ಹೊರಗಿನ ಗಳಿಕೆ ಮಿತಿಗಿಂತ ಒಂದು ಪೌಂಡ್ ಹೆಚ್ಚಾದರೂ ಆ ವಾರದ ಹಣ ಪೂರ್ತಿ ಹೋಗುತ್ತದೆ.

ಜರ್ಮನಿ ಬೇರೆ ಹಾದಿ ಹಿಡಿಯಿತು. 1995ರಲ್ಲಿ ಅಲ್ಲಿ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆ ಜಾರಿಯಾಯಿತು. ಮನೆಗೆ ದಾದಿಯರ ಸೇವೆ ಪಡೆಯಬಹುದು, ಇಲ್ಲವೇ ಅದಕ್ಕಿಂತ ಕಡಿಮೆ ಮೊತ್ತದ ನಗದು ಪಡೆದು ಮನೆಯವರೇ ನೋಡಿಕೊಳ್ಳಬಹುದು. ನಿಗದಿತ ಅವಧಿ ಆರೈಕೆ ಮಾಡುವವರ ಪಿಂಚಣಿ ಕಂತನ್ನೂ ವಿಮೆಯೇ ತುಂಬುತ್ತದೆ. ಇಂದು ಅಮ್ಮನನ್ನು ನೋಡಿಕೊಂಡ ಮಗಳು ನಾಳೆ ತನ್ನ ಮುಪ್ಪಿನಲ್ಲಿ ಬರಿಗೈಯಾಗಬಾರದೆಂಬ ಯೋಚನೆ ಅದರಲ್ಲಿದೆ. ಜಪಾನಿನಲ್ಲಿ 2000ದ ಏಪ್ರಿಲ್‌ನಲ್ಲಿ ಇಂಥದೇ ವಿಮೆ ಬಂತು, ಆದರೆ ನಗದು ಇಲ್ಲ. ಹಣ ಕೊಟ್ಟರೆ ಸೊಸೆಯಂದಿರನ್ನು ಆರೈಕೆಗೇ ಕಟ್ಟಿಹಾಕಿದಂತಾಗುತ್ತದೆ ಎಂದು ಅಲ್ಲಿನ ಮಹಿಳಾ ಸಂಘಟನೆಗಳು ಅದನ್ನು ವಿರೋಧಿಸಿದ್ದವು. ನಮ್ಮ ಮನೆಗಳನ್ನು ಬಲ್ಲ ಯಾರೂ ಆ ಆತಂಕವನ್ನು ತಳ್ಳಿಹಾಕಲಾರರು. ಅದೇ ವರ್ಷ ಅಮೆರಿಕ ಕೂಡ ಕುಟುಂಬದ ಆರೈಕೆದಾರರಿಗೆ ತರಬೇತಿ, ಸಲಹೆ, ತಾತ್ಕಾಲಿಕ ಬಿಡುವು ಒದಗಿಸಲು ರಾಜ್ಯಗಳಿಗೆ ಅನುದಾನ ಕೊಡುವ ಕಾರ್ಯಕ್ರಮವನ್ನು ಕಾನೂನಿಗೆ ಸೇರಿಸಿತು.

ಭಾರತದ ಕಾನೂನು ಮಾತಾಡುವುದು ಮಕ್ಕಳ ಹೊಣೆಯ ಬಗ್ಗೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ ಪ್ರಕಾರ, ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಕೈಬಿಟ್ಟವರನ್ನು ದಂಡಿಸುವ ಈ ಕಾಯ್ದೆ ಅಗತ್ಯವೇ. ಆದರೆ ಕೈಬಿಡದೆ ಹಗಲುರಾತ್ರಿ ನೋಡಿಕೊಳ್ಳುವವರಿಗೆ ಅದರಲ್ಲಿ ಏನೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಸೆಕ್ಷನ್ ಮರೆವಿನ ಕಾಯಿಲೆಯಂಥ ರೋಗಗಳ ಚಿಕಿತ್ಸಾ ವೆಚ್ಚಕ್ಕೆ ವಿನಾಯಿತಿ ಕೊಟ್ಟಿತು. ತೆರಿಗೆ ಕಟ್ಟುವಷ್ಟು ಸಂಪಾದನೆ ಇರುವವರಿಗೆ ಅದು ಸರಿ, ಕೆಲಸವನ್ನೇ ಬಿಟ್ಟು ಕೂತವರಿಗೆ ಅದರಿಂದ ಏನು ಬಂತು? ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಹಣವೂ ವೃದ್ಧರ ಹೆಸರಿಗೇ ಬರುತ್ತದೆ.

ನಮ್ಮ ಪಕ್ಕದಲ್ಲೇ ಇರುವ ಕೇರಳ ಈ ಕೊರತೆಯನ್ನು ನಮಗಿಂತ ಮೊದಲೇ ಗುರುತಿಸಿತು. ‘ಆಶ್ವಾಸಕಿರಣಂ’ ಯೋಜನೆಯಲ್ಲಿ, ಹಾಸಿಗೆ ಹಿಡಿದವರ ಪೂರ್ಣಕಾಲದ ಆರೈಕೆಗೆ ನಿಂತವರಿಗೆ ತಿಂಗಳಿಗೆ 600 ರೂಪಾಯಿ. ಮೊತ್ತ ತೀರ ಸಣ್ಣದು, ಬಟವಾಡೆಯೂ ಹಲವು ಸಲ ಬಾಕಿ ಬಿದ್ದಿದೆ. ಆದರೂ ಆರೈಕೆ ಮಾಡುವವರೂ ಫಲಾನುಭವಿ ಎಂಬುದು ಸರ್ಕಾರಿ ದಾಖಲೆಗೆ ಬಂತು. ಕರ್ನಾಟಕ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು.

ಈ ಪಟ್ಟಿಗೆ ಮರೆವಿನ ಕಾಯಿಲೆಯನ್ನೂ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಹಿರಿಯರನ್ನೂ ಸೇರಿಸಬೇಕು. ಹಣ ಆರೈಕೆ ಮಾಡುವವರ ಖಾತೆಗೇ ಬೀಳಬೇಕು. ಜಪಾನಿನ ಮಹಿಳೆಯರು ಎಚ್ಚರಿಸಿದ ಹಾಗೆ ಬರೀ ಹಣ ಕೊಟ್ಟು ಕೈತೊಳೆದುಕೊಳ್ಳದೆ, ವರ್ಷದಲ್ಲಿ ಕೆಲವು ದಿನವಾದರೂ ಅವರಿಗೆ ಬಿಡುವು ಕೊಡಿಸುವ ಹಗಲು ಆರೈಕೆ ಕೇಂದ್ರಗಳನ್ನು ತಾಲ್ಲೂಕು ಮಟ್ಟದಲ್ಲಿ ತೆರೆಯಬೇಕು. ಮುಂದಿನ ಬಜೆಟ್‌ಗೆ ಮುನ್ನ ನಮ್ಮ ಶಾಸಕರಿಗೆ ಇದನ್ನು ಬರೆದು ಕೇಳೋಣ.