‘ಎಕ್ಸ್‌ಪ್ಲೇನ್’: ಒಂದು ಇಂಗ್ಲಿಷ್ ಕ್ರಿಯಾಪದದ ಮೂಲ ಮತ್ತು ಅರ್ಥವಿಕಾಸ

ಇಂಗ್ಲಿಷಿನ ‘ಎಕ್ಸ್‌ಪ್ಲೇನ್’ ಕ್ರಿಯಾಪದದೊಳಗೆ ‘ಸರಳ, ಸ್ಪಷ್ಟ’ ಎಂಬರ್ಥದ ‘ಪ್ಲೇನ್’ ಗುಣವಾಚಕ ಇದ್ದಂತೆಯೇ ಕಾಣುತ್ತದೆ. ಆ ಗುಣವಾಚಕಕ್ಕೆ ಉಪಸರ್ಗ ಸೇರಿ ಕ್ರಿಯಾಪದ ಹುಟ್ಟಿತೆಂದು ಭಾವಿಸುವುದು ಸಹಜವಾದರೂ ಪದದ ಚರಿತ್ರೆ ಅದನ್ನು ಒಪ್ಪುವುದಿಲ್ಲ. 15ನೆಯ ಶತಮಾನದಲ್ಲಿ ಇದು ಲ್ಯಾಟಿನ್ನಿನ ‘ಎಕ್ಸ್‌ಪ್ಲಾನಾರೆ’ಯಿಂದ ಬಂದಿತು, ಅದರ ಒಡಲಲ್ಲಿರುವುದು ‘ಸಮತಟ್ಟಾದ’ ಎಂಬರ್ಥದ ‘ಪ್ಲಾನುಸ್’. ಏರುತಗ್ಗುಗಳನ್ನು ಸಮ ಮಾಡುವ ಭಾವವು ಮಾತಿನ ತೊಡಕನ್ನು ನೀಗಿಸುವ ಭಾವವಾಗಿ ಮಾರ್ಪಟ್ಟದ್ದು ಲ್ಯಾಟಿನ್ನಿನಲ್ಲಿಯೇ. ಕ್ರಿ.ಪೂ. 1ನೆಯ ಶತಮಾನದ ಸಿಸೆರೋ ಅದನ್ನು ‘ವಿವರಿಸು’ ಎಂಬರ್ಥದಲ್ಲಿ ಬಳಸಿದ್ದಾನೆ. ಇಂಗ್ಲಿಷಿಗೆ ದಕ್ಕಿದ್ದು ಅರ್ಥ ಆಗಲೇ ಮಾಗಿದ್ದ ಪದ. ‘ಪ್ಲೇನ್’ ಬದಲಿಸಿದ್ದು ಅದರ ಕಾಗುಣಿತವನ್ನು ಮಾತ್ರ ಎಂಬುದು ಈ ಲೇಖನದ ವಾದ.

ಮುಖ್ಯ ಸಾಕ್ಷ್ಯ ಪದದ ಕುಟುಂಬದೊಳಗೇ ಇದೆ. ಕ್ರಿಯಾಪದವನ್ನು ಬರೆಯುವಾಗ ‘ಎ’ಯ ಬೆನ್ನಿಗೆ ‘ಐ’ ಅಕ್ಷರ ಬರುತ್ತದೆ. ‘ಎಕ್ಸ್‌ಪ್ಲನೇಷನ್’, ‘ಎಕ್ಸ್‌ಪ್ಲನೇಟರಿ’ಗಳಲ್ಲಿ ಆ ಜಾಗದಲ್ಲಿ ‘ಎ’ ಒಂದೇ. ಇಡೀ ಕುಟುಂಬ ಇಂಗ್ಲಿಷ್ ಗುಣವಾಚಕದಿಂದಲೇ ಬೆಳೆದಿದ್ದರೆ ನಾಮಪದದಲ್ಲೂ ‘ಐ’ ಇರಬೇಕಿತ್ತು. ಈ ವ್ಯತ್ಯಾಸಕ್ಕೆ ಕಾರಣ ಉಚ್ಚಾರಣೆ. ಕ್ರಿಯಾಪದದಲ್ಲಿ ಒತ್ತು ಕೊನೆಯ ಭಾಗದ ಮೇಲೆ ಬಿದ್ದು ಅದು ‘ಪ್ಲೇನ್’ ಎಂದೇ ಕೇಳಿಸುತ್ತದೆ. ನಾಮಪದದಲ್ಲಿ ಒತ್ತು ಮುಂದಕ್ಕೆ ಸರಿದು ಆ ಸ್ವರ ಕುಗ್ಗುವುದರಿಂದ ಹೋಲಿಕೆ ಕಿವಿಗೆ ಬೀಳುವುದಿಲ್ಲ. ‘ಎಕ್ಸ್‌ಕ್ಲೇಮ್–ಎಕ್ಸ್‌ಕ್ಲಮೇಷನ್’, ‘ಪ್ರೊಕ್ಲೇಮ್–ಪ್ರೊಕ್ಲಮೇಷನ್’ ಜೋಡಿಗಳಲ್ಲೂ ಹೀಗೆಯೇ ಆಗಿದೆ: ಕ್ರಿಯಾಪದಗಳು ಪರಿಚಿತ ‘ಕ್ಲೇಮ್’ ಕಡೆಗೆ ವಾಲಿದವು, ನಾಮಪದಗಳು ಲ್ಯಾಟಿನ್ ರೂಪದಲ್ಲೇ ಉಳಿದವು. ಆದ್ದರಿಂದ ಈ ‘ಐ’ ಒಂದು ಪದದ ಆಕಸ್ಮಿಕವಲ್ಲ.

‘ಪ್ಲೇನ್’ ಕೂಡ ‘ಪ್ಲಾನುಸ್’ನಿಂದಲೇ ಹುಟ್ಟಿದ್ದು, ಹಾಗಿದ್ದ ಮೇಲೆ ಈ ಚರ್ಚೆಯೇಕೆ ಎಂದು ಆಕ್ಷೇಪಿಸಬಹುದು. ಮೂಲ ಒಂದೇ, ಬಂದ ದಾರಿ ಬೇರೆ. ಗುಣವಾಚಕ ಫ್ರೆಂಚ್ ಜನರ ಬಾಯಲ್ಲಿ ರೂಪ ಬದಲಿಸಿಕೊಂಡು ಬಂದಿತು. ಕ್ರಿಯಾಪದಕ್ಕೆ ಲ್ಯಾಟಿನ್ ರೂಪವೇ ಆಧಾರ. ದಾಯಾದಿಗಳನ್ನು ತಂದೆಮಕ್ಕಳೆಂದು ಬರೆದರೆ ವಂಶಾವಳಿ ತಪ್ಪುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಇಂಗ್ಲಿಷ್ ಲೇಖಕ ಜಾನ್ ಎವೆಲಿನ್ 1664ರ ‘ಸಿಲ್ವಾ’ ಗ್ರಂಥದಲ್ಲಿ ಮೊಗ್ಗುಗಳು ಎಲೆಗಳಾಗಿ ಬಿಚ್ಚಿಕೊಳ್ಳುವುದಕ್ಕೆ ಇದೇ ಕ್ರಿಯಾಪದವನ್ನು ಬಳಸಿದ್ದಾನೆ. ಹಾಗಾದರೆ ಮೂಲಭಾವ ಸಮ ಮಾಡುವುದಲ್ಲ, ಲ್ಯಾಟಿನ್ನಿನ ಇನ್ನೊಂದು ಕ್ರಿಯಾಪದವಾದ ‘ಎಕ್ಸ್‌ಪ್ಲಿಕಾರೆ’ಯಲ್ಲಿರುವಂತೆ ಮಡಿಕೆ ಬಿಚ್ಚುವುದು ಎನ್ನಬಹುದಲ್ಲವೇ? ಕಾಲಕ್ರಮ ಇದಕ್ಕೆ ಎಡೆಗೊಡುವುದಿಲ್ಲ. ‘ವಿವರಿಸು’ ಎಂಬ ಅರ್ಥ ಇಂಗ್ಲಿಷಿನಲ್ಲಿ ನೆಲೆಸಿ ಎರಡು ಶತಮಾನ ಕಳೆದ ಮೇಲಿನ ಪ್ರಯೋಗ ಆ ಅರ್ಥಕ್ಕೆ ಮೂಲವಾಗಲಾರದು. ಬಿಚ್ಚಿದ ಎಲೆ ಚಪ್ಪಟೆಯಾಗಿ ಹರಡುವುದರಿಂದ ಎರಡು ಭಾವಗಳು ಅಲ್ಲಿ ಕೂಡಿಕೊಂಡಿವೆ, ಅಷ್ಟೇ.

ಆದರೆ ಮೂಲವನ್ನು ಗುರುತಿಸಿದ ಮಾತ್ರಕ್ಕೆ ಇಂದಿನ ಅರ್ಥ ತೀರ್ಮಾನವಾಗುವುದಿಲ್ಲ. ವಿವರಣೆಗೆ ಹೇಳುವವನೂ ಕೇಳುವವನೂ ಬೇಕು. ಚಂದ್ರನ ಆಕರ್ಷಣೆ ಸಮುದ್ರದ ಭರತ ಇಳಿತಗಳನ್ನು ‘ಎಕ್ಸ್‌ಪ್ಲೇನ್’ ಮಾಡುತ್ತದೆ ಎಂದು ಇಂಗ್ಲಿಷ್ ಹೇಳುವಾಗ ಅಲ್ಲಿ ಇಬ್ಬರೂ ಇಲ್ಲ; ಕಾರಣ ಮತ್ತು ಕಾರ್ಯಗಳಷ್ಟೇ ಇವೆ. ಕನ್ನಡದಲ್ಲಿ ಆಕರ್ಷಣೆ ಇಳಿತಭರತಗಳಿಗೆ ಕಾರಣವಾಗುತ್ತದೆ, ಅದನ್ನು ಅಧ್ಯಾಪಕರು ವಿವರಿಸುತ್ತಾರೆ. ಎರಡು ಕೆಲಸಗಳಿಗೆ ಎರಡು ಮಾತುಗಳಿವೆ. ಇಂಗ್ಲಿಷಿನ ಒಂದೇ ಪದ ಅವೆರಡನ್ನೂ ಹೊತ್ತಿರುವುದರಿಂದ, ಅರ್ಥವಾಗುವಂತೆ ಹೇಳಿದ್ದನ್ನೇ ಕಾರಣ ತೋರಿಸಿದ್ದೆಂದು ಎಣಿಸುವ ಅಪಾಯವಿದೆ. ವ್ಯುತ್ಪತ್ತಿ ಪದ ನಡೆದ ದಾರಿಯನ್ನು ತೋರಿಸಬಲ್ಲದು. ಆಯಾ ವಾಕ್ಯದಲ್ಲಿ ಅದು ಮಾಡುವ ಕೆಲಸವನ್ನು ಬಳಕೆಯಿಂದಲೇ ಅರಿಯಬೇಕು.